ಹಳೆ ಕಬ್ಬಿಣ

“ಇದು ಕಬ್ಬಿಣವಾ?” ಇನ್ಸ್‌ಪೆಕ್ಟರರು ಒಡೆದ ಹಂಡೆಯೊಂದನ್ನು ಬೂಟುಗಾಲಿನಿಂದ ಉರುಳಿಸಿದರು.

“ಅಲ್ಲ ಸ್ವಾಮಿ, ತಾಮ್ರ,” ಎಂದ ಗುಜರಿ ಅಂಗಡಿಯ ಅಹ್ಮದ್ ಬಾವ.

“ಮತ್ತೆ ಲೈಸೆನ್ಸಿನಲ್ಲಿ ‘ಹಳೆ ಕಬ್ಬಿಣ’ ಅಂತ ಮಾತ್ರ ಉಂಟಲ್ಲ!”

ಮೂಲೆಯಲ್ಲಿ ಅವನ ಮಗಳು ಮೈಮೂನಾ ನಿಂತಿದ್ದಳು. ಲೈಸೆನ್ಸಿನ ಅರ್ಜಿ ಬರೆದವಳು ಅವಳೇ.

ಯುದ್ಧ ಶುರುವಾದ ಮೇಲೆ ಸರಕಾರಕ್ಕೆ ಲೋಹವೆಂದರೆ ಚಿನ್ನ. ಗುಜರಿ ಮಾರಲಿಕ್ಕೂ ಲೈಸೆನ್ಸ್ ಬೇಕೆಂದು ಬಂದರಿನಲ್ಲೆಲ್ಲ ಡಂಗುರ ಹೊಡೆಸಿದ್ದರು. ಮೈಮೂನಾಳ ಅಪ್ಪ, ಅವಳ ‘ಬಾಪ’, ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾಲ್ಕನೇ ಕ್ಲಾಸಿನ ಮೈಮೂನಾ ದೊಡ್ಡ ವಕೀಲರ ಗತ್ತಿನಲ್ಲಿ ಬರೆಯಲು ಕೂತಿದ್ದಳು. ‘ಯಾವ ಯಾವ ಲೋಹ?’ ಎಂಬಲ್ಲಿ ‘ಹಳೆ ಕಬ್ಬಿಣ’ ಎಂದು ದುಂಡಗೆ ಬರೆದಳು. ಬೀದಿಯವರು ಹೇಳುವುದೇ ಹಾಗೆ. ತೂತಾದ ಚೊಂಬಿರಲಿ, ಮುರಿದ ಹಿತ್ತಾಳೆ ದೀಪವಿರಲಿ, ಗುಜರಿಗೆ ಬಂದರೆ ಎಲ್ಲವೂ ‘ಹಳೆ ಕಬ್ಬಿಣ’ವೇ. ಸರಕಾರಕ್ಕೆ ಅದು ಗೊತ್ತಿಲ್ಲವೆಂದು ಅವಳಿಗೇನು ಗೊತ್ತು, ಪಾಪ!

ಪೇದೆಗಳು ತಾಮ್ರ, ಹಿತ್ತಾಳೆಯನ್ನೆಲ್ಲ ಗೋಣಿಗೆ ತುಂಬತೊಡಗಿದರು. ಬಾಪ ದೂರದ ಕುಲಶೇಖರದವರೆಗೆ ನಡೆದು, ಮನೆಮನೆ ಸುತ್ತಿ, ತಲೆಯ ಮೇಲೆ ಹೊತ್ತು ತಂದ ಮಾಲು ಅದು.

“ಲೈಸೆನ್ಸ್ ರದ್ದು. ಅಂಗಡಿಗೆ ಬೀಗ,” ಎಂದರು ಇನ್ಸ್‌ಪೆಕ್ಟರರು. “ಅರ್ಜಿ ಬರೆದದ್ದು ಯಾರು? ತಾಮ್ರ ಅಡಗಿಸಲಿಕ್ಕೆ ಹೀಗೆ ಬರೆದದ್ದಾ?”

‘ನಾನು’ ಎನ್ನಲು ಮೈಮೂನಾ ಬಾಯಿ ತೆರೆದಳು. ಅಷ್ಟರಲ್ಲಿ ಬಾಪನೇ ಮುಂದೆ ಬಂದ.

“ನಾನೇ ಸ್ವಾಮಿ,” ಎಂದ ಬಾಪ. “ಬೇಕೆಂದು ಅಲ್ಲ. ನನಗೆ ಅಷ್ಟೇ ತಿಳಿದದ್ದು.”

“ಸರಿ, ಹಾಗಂತ ಬರೆದು ಸಹಿ ಹಾಕು,” ಎಂದು ಇನ್ಸ್‌ಪೆಕ್ಟರರ ಜೊತೆ ಬಂದಿದ್ದ ಗುಮಾಸ್ತ ಕಾಗದ ಚಾಚಿದ.

ಬಾಪ ಪೆನ್ನು ಹಿಡಿದ. ಹಿಡಿದೇ ಇದ್ದ. ಕೊನೆಗೆ ಅದನ್ನು ಕೆಳಗಿಟ್ಟು ಹೆಬ್ಬೆರಳು ಮುಂದೆ ಮಾಡಿದ.

“ಹೆಬ್ಬೆಟ್ಟಿನವ ಅರ್ಜಿ ಬರೆದನಂತೆ ಮಾರಾಯ!” ಗುಮಾಸ್ತ ಹೊಟ್ಟೆ ಹಿಡಿದು ನಕ್ಕ. ಪೇದೆಗಳೂ ನಕ್ಕರು.

ಬಾಪ ತಲೆ ತಗ್ಗಿಸಿ ನಿಂತ. ಮೂಲೆಯ ಕಡೆ ಒಮ್ಮೆಯೂ ನೋಡಲಿಲ್ಲ. ಬಾಪನಿಗೆ ತನ್ನ ಮೇಲೆ ಸಿಟ್ಟು ಎಂದುಕೊಂಡಳು ಮೈಮೂನಾ. ಮರುಕ್ಷಣವೇ ಅವಳಿಗೆ ಹೊಳೆಯಿತು. ಬಾಪ ನೋಡಿದರೆ ಇವರೆಲ್ಲರೂ ಇತ್ತ ನೋಡುತ್ತಾರೆ. ಅದಕ್ಕೇ ಅವನು ನೋಡುತ್ತಿಲ್ಲ.

ಅವಳು ಬಂದು ಅವನ ಪಕ್ಕದಲ್ಲಿ ನಿಂತಳು.

“ಬರೆದದ್ದು ನಾನು,” ಎಂದಳು. “ನಮ್ಮಲ್ಲಿ ಎಲ್ಲದಕ್ಕೂ ಹಳೆ ಕಬ್ಬಿಣ ಅಂತಲೇ ಹೇಳುವುದು.”

ನಗು ನಿಂತಿತು. ಇನ್ಸ್‌ಪೆಕ್ಟರರು ಅವಳನ್ನು ನೋಡಿದರು, ಕಾಗದವನ್ನು ನೋಡಿದರು. ಆಮೇಲೆ, ಬಾಗಿಲು ಹಾಕಲು ಪೇದೆಗೆ ಸನ್ನೆ ಮಾಡಿದರು.

ಬಾಪ ಮಗಳ ಕೈ ಹಿಡಿದುಕೊಂಡ. ಬೀಗ ಬಿದ್ದ ಮೇಲೂ ಬಿಡಲಿಲ್ಲ.