ಮುಳ್ಳುಹಂದಿ ಕೊಟ್ಟ ಕೊಕ್ಕೆಕಡ್ಡಿ

ಬಹಳ ಹಿಂದೆ, ಮೋಡಗಳು ಇನ್ನೂ ಮನುಷ್ಯರ ಮಾತು ಕೇಳುತ್ತಿದ್ದ ಕಾಲದಲ್ಲಿ, ಜೋಂಪುನಾಡು ಎಂಬ ರಾಜ್ಯವಿತ್ತು. ಅಲ್ಲಿ ಮೋಡಗಳು ಸಂಜೆ ಇಳಿದು ಬಂದು ಕೆರೆದಂಡೆಯಲ್ಲಿ ಮೇಯುತ್ತಿದ್ದವು. ವರ್ಷಕ್ಕೆರಡು ಸಲ ಅವುಗಳ ಉಣ್ಣೆ ಕತ್ತರಿಸುತ್ತಿದ್ದರು. ರಾಜ ಮಂದಾರಸೇನ ಸಿಂಹಾಸನದ ಮೇಲೆ ನಿದ್ದೆ ಮಾಡುತ್ತಿದ್ದ. ಎಚ್ಚರವಾದಾಗ ಯಾರಿಗಾದರೂ ಸನ್ಮಾನ ಮಾಡುತ್ತಿದ್ದ. ಬೇರೇನೂ ಮಾಡುತ್ತಿರಲಿಲ್ಲವಾದ್ದರಿಂದ ರಾಜ್ಯ ಸುಭಿಕ್ಷವಾಗಿತ್ತು.

ಸನ್ಮಾನಕ್ಕೆಂದು ಅರಮನೆಯಲ್ಲಿ ಒಂದೇ ಒಂದು ಶಾಲು ಇತ್ತು. ಎಲ್ಲರೆದುರು ಹೊದಿಸುವುದು, ಚಪ್ಪಾಳೆ ತಟ್ಟುವುದು, ಹಿಂಬಾಗಿಲಲ್ಲಿ ವಾಪಸು ಇಸಿದುಕೊಳ್ಳುವುದು. ಮುನ್ನೂರು ವಿದ್ವಾಂಸರು ಅದನ್ನೇ ಹೊದ್ದಿದ್ದರು. ಯಾರೂ ದೂರಿರಲಿಲ್ಲ, ಅವರಿಗೆ ಮುಂದಿನ ವರ್ಷವೂ ಸನ್ಮಾನ ಬೇಕಿತ್ತು.

ಒಂದು ದಿನ ಥಂಡಿಭೈರವನೆಂಬ ಮಾಂತ್ರಿಕನಿಗೆ ಸನ್ಮಾನವಾಯಿತು. ಅವನು ಊದಿದರೆ ಹರಿಯುವ ಹೊಳೆ ನಿಲ್ಲುತ್ತಿತ್ತು. ಒಂದು ಹನಿ ಬೆವರಿದರೆ ಮಾತ್ರ ಅವನ ಮಂತ್ರವೆಲ್ಲ ಇಳಿದುಹೋಗುತ್ತಿತ್ತು. ಅದಕ್ಕೇ ಮುನ್ನೂರು ವರ್ಷಗಳಿಂದ ಅವನು ಕೈಯಾರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಆಸ್ಥಾನದಲ್ಲಿ ಇದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ.

ಶಾಲು ಹೊದ್ದವನು ಅಂಚನ್ನು ಮೂಸಿ ನೋಡಿದ. “ಇದರಲ್ಲಿ ಇನ್ನೊಬ್ಬನ ನಶ್ಯದ ವಾಸನೆ ಇದೆ!” ಎಂದು ಗುಡುಗಿದ.

ಶಾಲು ಉಳಿಸುವ ಉಪಾಯ ಮಂತ್ರಿಯದು. ಒಪ್ಪಿಗೆ ರಾಜನದು. ಮಾಂತ್ರಿಕ ಕೊಟ್ಟ ಶಾಪ ತಗುಲಿದ್ದು ಮಾತ್ರ ಶಾಲಿನ ತಟ್ಟೆ ಹಿಡಿದು ನಿಂತಿದ್ದ ಹೊಂಬಿಯೆಂಬ ಹುಡುಗಿಗೆ. ಅವಳ ಕಾಲ್ಬೆರಳ ತುದಿಗಳು ಆಗಲೇ ತಣ್ಣಗೆ, ಗಾಜಿನಂತೆ ಆಗತೊಡಗಿದವು.

“ಹುಣ್ಣಿಮೆಯ ಸಂಜೆಗೆ ಇವಳು ಮಂಜಾಗಿ ನನ್ನ ಹಿಂದೆ ಬರುತ್ತಾಳೆ,” ಎಂದ ಥಂಡಿಭೈರವ. “ಗಂಟಿಲ್ಲದ ಒಂದೇ ದಾರದ ಹೊದಿಕೆ ಹೊದಿಸಿ, ಇವಳ ನೆತ್ತಿಯವರೆಗೆ ಬೆಚ್ಚಗೆ ಮಾಡಿದರೆ ಶಾಪ ಬಿಟ್ಟೀತು. ಮಾಡಿ ನೋಡಿ.”

ಹೊಂಬಿಯ ತಾಯಿ ದೇಮಕ್ಕ ಅರಮನೆಯ ತಾಮ್ರದ ಹಂಡೆಗಳನ್ನು ತಿಕ್ಕುವವಳು. ಹಿಂದೊಮ್ಮೆ ಅವಳು ಕೊಕ್ಕೆಕಡ್ಡಿಯ ಕ್ರೋಶಾ ಹೆಣಿಗೆಯಲ್ಲಿ ಹೆಸರು ಮಾಡಿದ್ದಳು. ಮಗಳು ತೊಟ್ಟಿಲಲ್ಲಿದ್ದಾಗ ಒಂದು ಹೊದಿಕೆ ಶುರುಮಾಡಿದ್ದಳು. ಮಗಳಿಗೆ ಹದಿನೇಳಾದರೂ ಅದು ಮುಗಿದಿರಲಿಲ್ಲ. ಹೆಣೆಯುವವರ ಮನೆಯಲ್ಲಿ ಇದು ಸಾಮಾನ್ಯ.

ದೇಮಕ್ಕ ಅಟ್ಟದಿಂದ ಆ ಮುಗಿಯದ ಹೊದಿಕೆಯನ್ನು ಇಳಿಸಿ, ಕೊನೆಯ ಕುಣಿಕೆ ಹಿಡಿದು ಜಗ್ಗಿದಳು. ಸರಸರನೆ ಎಲ್ಲ ಬಿಚ್ಚಿಕೊಂಡು, ಮೋಡದ ಉಣ್ಣೆಯ ಒಂದೇ ದಾರವಾಗಿ ಉಂಡೆಯಾಯಿತು. ಗಂಟೊಂದೂ ಇರಲಿಲ್ಲ. ಮೋಡದ ಉಣ್ಣೆಗೆ ಕೈ ಹಚ್ಚಿದರೆ ಹೊದಿಕೆ ಒಂದು ದಿನದಲ್ಲಿ ಏಳುತ್ತದೆ. ಹುಣ್ಣಿಮೆಗೆ ಮೂರು ದಿನವಿತ್ತು.

ಮೊದಲ ದಿನ ರಾಜ ಎಚ್ಚರಗೊಂಡು, ಭಂಡಾರದಿಂದ ಬಂಗಾರದ ಕೊಕ್ಕೆಕಡ್ಡಿ ತರಿಸಿಕೊಟ್ಟ. ಅದು ಒನಕೆಯಷ್ಟು ದಪ್ಪವಿತ್ತು. ಅದರಲ್ಲಿ ಹೆಣೆದ ಹೊದಿಕೆಯ ಒಂದೊಂದು ತೂತಿನಲ್ಲೂ ಗುಬ್ಬಿಯೊಂದು ಆರಾಮಾಗಿ ಹಾದುಹೋಗುತ್ತಿತ್ತು. ಚಳಿಯೂ ಅದೇ ತೂತುಗಳಲ್ಲಿ ಹೋಯಿತು, ಬಂತು, ಹೋಯಿತು. ಹೊಂಬಿ ಮೊಣಕಾಲಿನವರೆಗೆ ಪಾರದರ್ಶಕವಾದಳು.

“ಬಲೆ ಚೆನ್ನಾಗಿದೆ ಅವ್ವಾ,” ಎಂದಳು. “ಮೀನು ಸಿಕ್ಕರೆ ಹೇಳ್ತೀನಿ.”

ಎರಡನೆಯ ದಿನ ದೇಮಕ್ಕ ಎಲ್ಲ ಬಿಚ್ಚಿ, ತನ್ನ ಹಳೆಯ ಹುಣಸೆಮರದ ಕಡ್ಡಿ ತೆಗೆದಳು. ಅವಳ ಹೆಬ್ಬೆರಳಿನ ಗುರುತು ಇನ್ನೂ ಅದರಲ್ಲಿತ್ತು. ‘ಇದು ನನ್ನ ಕೈಬಿಡೋಲ್ಲ’ ಎಂದುಕೊಂಡಳು. ಕಡ್ಡಿ ಕೈಬಿಡಲಿಲ್ಲ, ಆದರೆ ಹೊದಿಕೆ ಗೋಡೆಗೆ ಒರಗಿಸಿದರೆ ಹಲಗೆಯಂತೆ ನಿಂತಿತು. ಕುಣಿಕೆಗಳು ಉಸಿರಾಡಲೂ ಜಾಗವಿಲ್ಲದಷ್ಟು ಬಿಗಿ.

“ಅವ್ವಾ, ಬಾಗಿಲು ಹೊದ್ದ ಹಾಗಿದೆ,” ಎಂದಳು ಹೊಂಬಿ. ಅವಳ ಸೊಂಟದೊಳಗಿಂದ ಚಾಪೆಯ ಗೆರೆಗಳು ಕಾಣುತ್ತಿದ್ದವು. ಈ ಸಲ ದೇಮಕ್ಕನಿಗೆ ನಗು ಬರಲಿಲ್ಲ.

ಮೂರನೆಯ ದಿನ ನಸುಕಿನಲ್ಲಿ ಅವಳು ಅದನ್ನೂ ಬಿಚ್ಚಿ, ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಕಡ್ಡಿ ಹುಡುಕಿ ಕಾಡಿಗೆ ಹೋದಳು. ಅಲ್ಲಿ ಬೆಳ್ಳಿಬಣ್ಣದ ಮುಳ್ಳುಹಂದಿಯೊಂದು ಬಿಸಿಲು ಕಾಯಿಸುತ್ತಿತ್ತು. ಅದರ ಮೈಮೇಲೆ ಸೂಜಿಯಷ್ಟು ತೆಳುವಿನಿಂದ ಬೆರಳಿನಷ್ಟು ದಪ್ಪದವರೆಗೆ ಎಲ್ಲ ಅಳತೆಯ ಮುಳ್ಳುಗಳಿದ್ದವು. ಪ್ರತಿಯೊಂದರ ತುದಿಯೂ ಕೊಕ್ಕೆಯಾಗಿ ಬಾಗಿತ್ತು.

“ಅಜ್ಜಾ, ಒಳ್ಳೆಯದೊಂದು ಕಡ್ಡಿ ಕೊಡು,” ಎಂದಳು ದೇಮಕ್ಕ.

“ಒಳ್ಳೆಯದು ಅಂತ ಯಾವುದೂ ಇಲ್ಲಮ್ಮ. ಕೈ ತೋರಿಸು.”

“ಭವಿಷ್ಯ ಕೇಳೋಕೆ ಬಂದಿಲ್ಲ ಅಜ್ಜಾ, ಹೊತ್ತಾಗ್ತಿದೆ.”

“ನನಗೂ ಭವಿಷ್ಯ ಬರೋಲ್ಲ.” ಮುಳ್ಳುಹಂದಿ ಅವಳ ಅಂಗೈಯನ್ನು ಮೂಗಿನಿಂದ ಒತ್ತಿ ನೋಡಿತು. “ಹಂಡೆ ತಿಕ್ಕುವ ಕೈ ಇದು. ಹದಿನೇಳು ವರ್ಷ ತಾಮ್ರವನ್ನ ಹಿಡಿದ ಹಾಗೇ ದಾರವನ್ನೂ ಹಿಡೀತಿದ್ದೀಯ. ಆ ಹುಣಸೆ ಕಡ್ಡಿ ಬೇರೊಬ್ಬಳದು. ತೊಟ್ಟಿಲು ತೂಗುತ್ತಿದ್ದವಳದು. ಹೆಣೆಯೋ ಮೊದಲು ಅಂಗೈಯಗಲ ಮಾದರಿ ಹಾಕಿ ನೋಡಿದ್ಯಾ?”

“ಮಗಳು ಮಂಜಾಗ್ತಾ ಇರುವಾಗ ಮಾದರಿ ಹಾಕ್ಕೊಂಡು ಕೂತಿರ್ಲಾ?”

“ಎರಡು ಪೂರ್ತಿ ಹೊದಿಕೆ ಹೆಣೆದು ಬಿಚ್ಚೋಕೆ ಹೊತ್ತು ಸಿಕ್ತಲ್ಲ.”

ದೇಮಕ್ಕ ಮಡಿಲಿಂದ ಉಂಡೆ ತೆಗೆದಳು. ಅವಳು ಅಲ್ಲೇ ಕುಳಿತಳು. ಮುಳ್ಳುಹಂದಿ ಕೊಟ್ಟ ಮೊದಲ ಮುಳ್ಳಿನಲ್ಲಿ ಅಂಗೈಯಗಲ ಹೆಣೆದಳು. ಅದು ಹಪ್ಪಳದಂತೆ ಬಿರುಸಾಯಿತು, ಬಿಚ್ಚಿದಳು. ಇನ್ನೂ ಸ್ವಲ್ಪ ದಪ್ಪದ್ದು. ಅಂಚು ಮುದುರಿತು, ಬಿಚ್ಚಿದಳು. ಅದಕ್ಕಿಂತ ಎಳ್ಳಿನಷ್ಟು ದಪ್ಪದ್ದು. ಈ ಸಲ ತುಂಡು ಅಂಗೈಮೇಲೆ ಮಲಗಿದ ಬೆಕ್ಕಿನ ಮರಿಯ ಹಾಗೆ ಒಂದು ಸಲ ಉಬ್ಬಿತು, ಒಂದು ಸಲ ಇಳಿಯಿತು. ಉಸಿರಾಡುತ್ತಿತ್ತು.

“ಬೆಚ್ಚಗಿಡೋದು ಬರೀ ದಾರ ಅಲ್ಲ,” ಎಂದಿತು ಮುಳ್ಳುಹಂದಿ. “ದಾರದ ಮಧ್ಯೆ ಸಿಕ್ಕಿಕೊಂಡ ಗಾಳಿ. ಇನ್ನು ಹೋಗು.”

ದೇಮಕ್ಕ ಮನೆಗೆ ಬಂದು ಹೆಣೆದಳು. ಕೆರೆದಂಡೆಯ ಮೋಡಗಳು ಕಿಟಕಿಗೆ ಬಂದು ಇಣುಕಿದವು. ಹುಣ್ಣಿಮೆಯ ಸಂಜೆ ಹೊದಿಕೆ ಮುಗಿಯಿತು. ಅವಳು ಕೊನೆಯ ತುದಿಯನ್ನು ಕುಣಿಕೆಯೊಳಗೆ ಎಳೆದು, ಹೆಣಿಗೆಯಲ್ಲಿ ಅಡಗಿಸಿ, ಮಗಳಿಗೆ ಹೊದಿಸಿದಳು. ಹೊಂಬಿಯ ಪಾದಕ್ಕೆ ಬಣ್ಣ ಬಂತು. ಮೊಣಕಾಲಿಗೆ ಬಂತು. ಸೊಂಟಕ್ಕೆ ಬರುವಷ್ಟರಲ್ಲಿ ಥಂಡಿಭೈರವ ಬಾಗಿಲಲ್ಲಿ ನಿಂತಿದ್ದ.

“ಒಂದೇ ದಾರವಲ್ಲವೆ?” ಎಂದು ನಕ್ಕ. “ಒಂದು ತುದಿ ಸಿಕ್ಕರೆ ಸಾಕು, ಕ್ಷಣದಲ್ಲಿ ಬಿಚ್ಚಿಬಿಡುತ್ತೇನೆ. ಎಲ್ಲಿ ತುದಿ?”

ಕ್ರೋಶಾ ಹೆಣಿಗೆ ಮುಗಿಸಿದ ತುದಿಯಿಂದ ಬಿಚ್ಚುತ್ತದೆ, ಶುರುಮಾಡಿದ ತುದಿಯಿಂದ ಬಿಚ್ಚುವುದಿಲ್ಲ. ಒಂದು ಕರವಸ್ತ್ರ ಹೆಣೆದವರಿಗೂ ಇದು ಗೊತ್ತು. ಮುನ್ನೂರು ವರ್ಷ ಕೈಯಾರೆ ಏನೂ ಮಾಡದವನಿಗೆ ಗೊತ್ತಿರಲಿಲ್ಲ.

ದೇಮಕ್ಕ ತಲೆ ತಗ್ಗಿಸಿ, ಶುರುಮಾಡಿದ ತುದಿಯನ್ನು ಎರಡು ಕೈಯಲ್ಲಿ ಒಪ್ಪಿಸಿದಳು. “ತಗೊಳ್ಳಿ ಸ್ವಾಮಿ. ಒಂದಿಷ್ಟು ಜೋರಾಗಿ ಜಗ್ಗಬೇಕಾದೀತು.”

ಥಂಡಿಭೈರವ ಜಗ್ಗಿದ. ಬರಲಿಲ್ಲ. ಹೊಸ್ತಿಲಿಗೆ ಕಾಲು ಕೊಟ್ಟು ಜಗ್ಗಿದ. ಬರಲಿಲ್ಲ. ದಾರವನ್ನು ಸೊಂಟಕ್ಕೆ ಸುತ್ತಿಕೊಂಡು, ಹಲ್ಲು ಕಚ್ಚಿ, ಎತ್ತಿನ ಹಾಗೆ ಜಗ್ಗಿದ.

“ಇನ್ನು ಸ್ವಲ್ಪ ಸ್ವಾಮಿ, ಬಂದೇ ಬಿಡ್ತು,” ಎಂದು ದೇಮಕ್ಕ ಹುರಿದುಂಬಿಸಿದಳು.

ಆಗ ಅವನ ಹಣೆಯ ಮೇಲೆ ಒಂದು ಹನಿ ಮೂಡಿತು. ಹುಬ್ಬಿಗೆ ಇಳಿಯಿತು, ಮೂಗಿನ ತುದಿಗೆ ಬಂತು, ಹೊಸ್ತಿಲ ಮೇಲೆ ಟಪ್ಪನೆ ಬಿತ್ತು.

ನಿಂತಿದ್ದ ಹೊಳೆಗಳೆಲ್ಲ ಹರಿದವು. ಹೊಂಬಿಯ ನೆತ್ತಿಯವರೆಗೆ ಬಣ್ಣ ಏರಿತು. ಅವಳು ಎದ್ದು ಕುಳಿತು, “ಅವ್ವಾ, ಸೆಕೆ,” ಎಂದಳು. ಹದಿನೇಳು ವರ್ಷದ ಕೆಲಸಕ್ಕೆ ದೇಮಕ್ಕನಿಗೆ ಸಿಕ್ಕ ಮೆಚ್ಚುಗೆ ಅದೊಂದೇ. ಅವಳಿಗೆ ಅಷ್ಟೇ ಸಾಕಿತ್ತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಬಾಗಿಲಲ್ಲಿ ಉಳಿದವನು ಒಬ್ಬ ಸಾಧಾರಣ ಮುದುಕ. ಎಲ್ಲರಂತೆ ಅವನಿಗೂ ಈಗ ಚಳಿಯಾಗುತ್ತಿತ್ತು. ದೇಮಕ್ಕ ಅವನನ್ನು ಒಳಗೆ ಕರೆದು ಉಂಡೆ ಸುತ್ತುವ ಕೆಲಸ ಕೊಟ್ಟಳು. ಮೊದಲ ಚಳಿಗಾಲಕ್ಕೆ ಅವನಿಗೊಂದು ಶಾಲು ಹೆಣೆದಳು, ಮೊದಲು ಅಂಗೈಯಗಲ ಮಾದರಿ ಹಾಕಿ. ಅದನ್ನು ಯಾರೂ ವಾಪಸು ಕೇಳಲಿಲ್ಲ.

ರಾಜ ದೇಮಕ್ಕನಿಗೆ ಸನ್ಮಾನ ಮಾಡಬೇಕೆಂದ. ಅವಳು ಬೇಡವೆಂದಳು. ರಾಜ ನೆಮ್ಮದಿಯಿಂದ ಮತ್ತೆ ನಿದ್ದೆಹೋದ. ಜೋಂಪುನಾಡಿನಲ್ಲಿ ಎಲ್ಲರೂ ಬೆಚ್ಚಗಿದ್ದರು. ಮೋಡಗಳು ಮೇಯುತ್ತಲೇ ಇದ್ದವು.