ಅಜ್ಜಿಯ ಗುರುತು

“ಎಲ್ಲಿದೆ? ನನಗೆ ಕಾಣಿಸ್ತಿಲ್ಲ” ಎಂದು ದಿನಿತಿ ಇಂಗ್ಲಿಷಿನಲ್ಲಿ ಕೇಳಿದಳು.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಜಾಗವನ್ನು ಭಾರತಿ ಬೆರಳು ಮಾಡಿ ತೋರಿಸಿದಳು. ಇಬ್ಬರೂ ಸೆಲ್ಫಿ ತೆಗೆದುಕೊಂಡರು.

ದಿನಿತಿ ಶ್ರೀಲಂಕಾದವಳು. ಅವರಿಬ್ಬರ ಅಪ್ಪಂದಿರಿಗೆ ಬುದ್ಧಗಯೆಯಲ್ಲಿ ಪರಿಚಯವಾಗಿತ್ತು. ಮಕ್ಕಳ ಗೆಳೆತನ ಎರಡು ವರ್ಷ ವಿಡಿಯೊ ಕಾಲಿನಲ್ಲೇ ಬೆಳೆದಿತ್ತು. ಈಗ ದಿನಿತಿ ಅಪ್ಪ ಅಮ್ಮನ ಜೊತೆ ಲಿಂಗಸುಗೂರಿನ ಭಾರತಿಯ ಮನೆಗೇ ಬಂದಿದ್ದಳು.

“ಮುಂದೆ ಎಲ್ಲಿಗೆ?”

“ನಮ್ಮ ಅಜ್ಜಿ ಊರಿಗೆ.”

ಜೋಗಮ್ಮಜ್ಜಿಯ ಊರು ಕಾಲುವೆಯ ಮಗ್ಗುಲಲ್ಲಿತ್ತು. ಸುತ್ತಲೂ ಭತ್ತದ ಗದ್ದೆ. ಕಾರು ನಿಲ್ಲಿಸಿ ದೊಡ್ಡವರು ಫೋಟೊ ತೆಗೆಯಲು ದಂಡೆ ಹತ್ತಿದರು. ದಿನಿತಿಗೆ ಚಹಾ ಬೇಕಿತ್ತು.

“ಹೋಟೆಲ್ಲಿಗೆ ಬ್ಯಾಡ್ರಿ, ಅಜ್ಜಿ ಮನ್ಯಾಗ ಕುಡಿಯಾಣ” ಎಂದು ಭಾರತಿಯ ಅಪ್ಪ ದಂಡೆಯ ಮೇಲಿನಿಂದ ಕೂಗಿದರು. ಅಷ್ಟರಲ್ಲಿ ದಿನಿತಿ ರಸ್ತೆ ದಾಟಿದ್ದಳು. ಭಾರತಿ ಅವಳ ಹಿಂದೆ ಓಡಿದಳು.

ಹೋಟೆಲಿನ ಮಾಲಿಕ ಬೆಂಚು ಒರೆಸಿದ. “ಕುಂದರ್ರಿ. ಯಾವ ದೇಶದಿಂದ ಬಂದೀರಿ?” ಎನ್ನುತ್ತ ಸ್ಟೀಲ್ ಲೋಟಗಳಲ್ಲಿ ಚಹಾ ತಂದಿಟ್ಟ.

ಕಾರು ಬಂದದ್ದು ಕಂಡು ಅಜ್ಜಿಯೂ ಬಂದಳು. ಆದರೆ ಮೆಟ್ಟಿಲ ಬಳಿಯೇ ನಿಂತಳು. ಮಾಲಿಕ ಹೊರಗಿನ ಕಟ್ಟೆಯ ಮೇಲೆ ಒಂದು ಪೇಪರ್ ಕಪ್ ಇಟ್ಟು, ಎತ್ತರದಿಂದ ಚಹಾ ಹುಯ್ದ.

“ಅಲ್ಲೇ ಕುಡಿ ಜೋಗಮ್ಮ. ಒಳಗ ಮಂದಿ ಅದಾರ.”

ಭಾರತಿ ಆ ಕಪ್ ನೋಡಿದಳು. ತನ್ನ ಕೈಯಲ್ಲಿದ್ದ ಲೋಟ ನೋಡಿದಳು. ‘ನಮ್ಮ ಕೇರಿ ಮಂದೀನ ಊರ ಹೋಟೆಲ್ ಒಳಗ ಬಿಡಂಗಿಲ್ಲ’ ಎಂದು ಅಪ್ಪ ಒಮ್ಮೆ ಹೇಳಿದ್ದರು. ಅದು ಹಳೆಯ ಕಾಲದ ಮಾತು ಎಂದುಕೊಂಡಿದ್ದಳು.

“ಇವರನ್ನ ವಿಡಿಯೊದಲ್ಲಿ ನೋಡಿದ್ದೆ, ಅಲ್ವಾ?” ಎಂದು ಇಂಗ್ಲಿಷಿನಲ್ಲಿ ಹೇಳಿ ದಿನಿತಿ ಹೊರಗೆ ಕೈ ಬೀಸಿದಳು.

“ಏನಂತಾಳ ಆಕಿ? ಜೋಗಮ್ಮ ನಿಮಗ ಗುರುತೇನು?” ಮಾಲಿಕ ಭಾರತಿಯನ್ನು ಕೇಳಿದ.

“ಇಲ್ರಿ.”

ಮಾತು ಬಾಯಿಂದ ಜಾರಿಬಿಟ್ಟಿತು.

ಅಜ್ಜಿಗೆ ಅದು ಕೇಳಿಸಿತು. ಅವಳು ಕಪ್ ಎತ್ತಿಕೊಂಡಳು. “ನನಗೂ ಗುರುತಿಲ್ರಿ. ಯಾರೋ ಊರು ನೋಡಾಕ ಬಂದಾರ” ಎಂದಳು.

ದಿನಿತಿಗೆ ಈ ಮಾತುಗಳೊಂದೂ ತಿಳಿಯಲಿಲ್ಲ. ಲೋಟ ಹಿಡಿದುಕೊಂಡೇ ಹೊರಗೆ ಹೋಗಿ ಅಜ್ಜಿಯ ಪಕ್ಕ ಕಟ್ಟೆಯ ಮೇಲೆ ಕುಳಿತಳು. ಅಜ್ಜಿ ಅವಳ ಗಲ್ಲ ಸವರಿ ಲಟಿಕೆ ಮುರಿದಳು.

ಭಾರತಿಗೂ ಹೋಗಬೇಕೆನಿಸಿತು. ಆದರೆ ಬೆಂಚು ಬಿಟ್ಟು ಏಳಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು.

ಅಜ್ಜಿ ಒಮ್ಮೆಯೂ ಒಳಗೆ ತಿರುಗಿ ನೋಡಲಿಲ್ಲ. ಸಿಟ್ಟು ಬಂದಿರಬೇಕು ಎಂದುಕೊಂಡಳು ಭಾರತಿ. ಆಮೇಲೆ ಮಾಲಿಕನ ಕಡೆ ನೋಡಿದಳು. ಅವನ ಕಣ್ಣು ಅಜ್ಜಿಯ ಮುಖದ ಮೇಲೇ ಇತ್ತು. ಅಜ್ಜಿ ಒಂದೇ ಒಂದು ಸಲ ತಿರುಗಿ ನೋಡಿದ್ದರೂ, ಒಳಗೆ ಕುಳಿತವಳು ಅವಳ ಮೊಮ್ಮಗಳೆಂದು ಅವನಿಗೆ ಗೊತ್ತಾಗಿಬಿಡುತ್ತಿತ್ತು.