ಹದಿನೇಳನೇ ನಂಬರ್, ರೆಮಿ ಬೊಲ್ಯೂ

ಪಟ್ಟಿಯಲ್ಲಿದ್ದ ಹೆಣ್ಣು ಹೆಸರನ್ನು ಮೂರು ಸಲ ಕೂಗಿದೆ. ಯಾರೂ ಬರಲಿಲ್ಲ.

ಕೆನಡಾದ ಥಂಡರ್ ಬೇ ಊರಿನ ಐಸ್ ಹಾಕಿ ಕ್ರೀಡಾಂಗಣದಲ್ಲಿ ಸ್ಕೇಟುಗಳಿಗೆ ಸಾಣೆ ಹಿಡಿಯುವ ಕೆಲಸಕ್ಕೆ ನಾನು ಆಗಷ್ಟೇ ಸೇರಿದ್ದೆ. ಮಹಿಳೆಯರ ವೃತ್ತಿಪರ ತಂಡದ ಎಲ್ಲರೂ ತಮ್ಮ ಜೋಡಿ ಒಯ್ದಾಗಿತ್ತು. ಹದಿನೇಳನೇ ನಂಬರಿನದೊಂದೇ ಉಳಿದಿತ್ತು.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ," ಬಾಗಿಲಿಗೆ ಒರಗಿ ನಿಂತಿದ್ದ ಆಟಗಾರ ಹೇಳಿದ.

"ಹಾಗಾದ್ರೆ ಈ ಸ್ಕೇಟು?"

"ನಂದು. ನಾನು ರೆಮಿ. ಗಂಡಸು. ಬೇರೇನಾದ್ರೂ ಕೇಳೋದಿದ್ಯಾ?"

ಜಗಳಕ್ಕೆ ಸಿದ್ಧವಾಗಿಯೇ ಬಂದ ಮುಖ. ನನಗೂ ರೇಗಿತು. "ಇದೆ. ಬ್ಲೇಡಿನ ಗತಿ ನೋಡಿ! ನೀವು ಆಡೋದು ಐಸ್ ಮೇಲೋ, ಸಿಮೆಂಟ್ ಮೇಲೋ?"

ಮೊದಲು ಅವನ ತುಟಿಯ ಎಡ ಅಂಚು ನಕ್ಕಿತು, ಆಮೇಲೆ ಕಣ್ಣು, ಕೊನೆಗೆ ಇಡೀ ರೆಮಿ. ಪಟ್ಟಿಯ ಆ ಹೆಸರನ್ನು ಅಂದಿನಿಂದ ನಾನು ಬಾಯಿಗೆ ತಂದಿಲ್ಲ. ಇಲ್ಲೂ ಬರೆಯುವುದಿಲ್ಲ.

ಆಮೇಲೆ ದಿನವೂ ಬರತೊಡಗಿದ. ಒಂದು ಕೈಯಲ್ಲಿ ಸ್ಕೇಟು, ಇನ್ನೊಂದರಲ್ಲಿ ನನಗೆಂದು ಗುಲಾಬಿ ಕೆನೆ ಬಳಿದ, ಆ ಊರಿನ ಹೆಸರುವಾಸಿ ಪರ್ಷಿಯನ್ ಬನ್ನು. ಕ್ಯಾಪ್ಟನ್ ಮೇವ್ ಸುಮ್ಮನೆ ಬಿಡುವವಳಲ್ಲ. "ಲೋ ರೆಮಿ, ದಿನಾ ಸಾಣೆ ಹಿಡಿಸಿದ್ರೆ ಬ್ಲೇಡ್ ಸವೆದು ಬರೀ ಬೂಟಲ್ಲಿ ಆಡ್ಬೇಕಾಗುತ್ತೆ ಕಣೋ!"

ಅವನ ಕಿವಿ ಕೆಂಪಾಗುತ್ತಿತ್ತು. ನಾನು ತಲೆಯೆತ್ತದೆ ಕಿಡಿ ಹಾರಿಸುತ್ತಿದ್ದೆ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವನೇ ಬಾಯಿಬಿಟ್ಟ. ಹುಟ್ಟಿದಾಗ ಎಲ್ಲರೂ ಅವನನ್ನು ಹುಡುಗಿ ಅಂದಿದ್ದರು; ಈಗ ಗಂಡಸಿನ ದೇಹಕ್ಕಾಗಿ ತೆಗೆದುಕೊಳ್ಳಬೇಕಾದ ಹಾರ್ಮೋನು ಈ ಲೀಗಿನಲ್ಲಿ ನಿಷಿದ್ಧ. ಆಟ ಬೇಕೆಂದರೆ ಅದು ಬೇಡ, ಅದು ಬೇಕೆಂದರೆ ಆಟ ಬೇಡ. ಐದು ವರ್ಷ ಆಟವನ್ನೇ ಆರಿಸಿದ್ದ.

"ಇದು ಕೊನೇ ಸೀಸನ್, ಹೆಲ್ಮಿ. ಇನ್ನು ಕಾಯೋಕಾಗಲ್ಲ. ಐಸ್ ಮೇಲೆ ನಾನು ಯಾರು ಅಂತ ನಂಗೆ ಗೊತ್ತು, ಟೀಮಿಗೂ ಗೊತ್ತು. ಒಂದೇ ಒಂದು ಸಲ ನನ್ನ ಹೆಸರು ಮೈಕಲ್ಲಿ ಕೇಳ್ಬೇಕು."

ಮ್ಯಾನೇಜರ್ ಒಪ್ಪಲಿಲ್ಲ. "ರಿಜಿಸ್ಟರಲ್ಲಿ ಇರೋ ಹೆಸರೇ ಹೆಸರು. ಇನ್ನೊಂದು ಮ್ಯಾಚು ತಾನೇ? ಸದ್ದಿಲ್ಲದೆ ಆಡು, ಸದ್ದಿಲ್ಲದೆ ಹೋಗು."

"ಹೋಗ್ತೀನಿ," ಎಂದ ರೆಮಿ. "ಸದ್ದಿಲ್ಲದೆ ಮಾತ್ರ ಅಲ್ಲ."

ಭಾನುವಾರ ಮಧ್ಯಾಹ್ನ ಕೊನೆಯ ಪಂದ್ಯ. ಗ್ಯಾಲರಿ ತುಂಬಿತ್ತು. ಆಟಗಾರರು ಐಸ್ ಮೇಲೆ ಇಳಿಯುವ ಸುರಂಗದ ಬಾಯಲ್ಲಿ ತಂಡ ಬಂದು ನಿಂತಿತು. ರೆಮಿ ಸ್ಟಿಕ್ಕನ್ನು ಗೋಡೆಗಾನಿಸಿ ಹೇಳಿದ, "ನನ್ನ ಹೆಸರು ಕೂಗಿದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ. ನೀವು ಹೋಗಿ ಆಡಿ."

ಮೇವ್ ಹೆಲ್ಮೆಟ್ ತೆಗೆದು ನೆಲದ ಮೇಲೇ ಕೂತಳು. "ನೀನಿಲ್ದೆ ಎಲ್ಲಿಗೋ ಹೋಗೋದು?" ಒಬ್ಬೊಬ್ಬರಾಗಿ ಎಲ್ಲರೂ ಕೂತರು.

ಆಟಗಾರರ ಹೆಸರು ಕೂಗುವ ಮೈಕ್ ಇದ್ದದ್ದು ನನ್ನ ಚಿಕ್ಕಪ್ಪ ಟೌನೊ ಕೈಯಲ್ಲಿ. ಮೂವತ್ತು ವರ್ಷದಿಂದ ಹಾಳೆಯಲ್ಲಿದ್ದದ್ದರ ಮೇಲೆ ಒಂದಕ್ಷರ ಹೆಚ್ಚು ಹೇಳಿದವರಲ್ಲ. ಮೇಲಿದ್ದ ಅವರ ಕೋಣೆಗೆ ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ.

"ಚಿಕ್ಕಪ್ಪ, ಹದಿನೇಳನೇ ನಂಬರ್ ರೆಮಿ ಅಂತ ಕೂಗಿ."

"ಹಾಳೇಲಿ ಹಾಗಿಲ್ವಲ್ಲಮ್ಮ."

ನಾನು ಅವರ ಪೆನ್ನನ್ನೇ ಕಿತ್ತುಕೊಂಡು ಹಾಳೆಯ ಹೆಸರನ್ನು ಹೊಡೆದುಹಾಕಿ ಅವನದನ್ನು ಬರೆದೆ. "ಈಗ ಇದೆ."

ಅವರು ಕನ್ನಡಕದ ಮೇಲಿಂದ ನೋಡಿದರು. "ಮ್ಯಾನೇಜರ್ ನಿನ್ನ ಕೆಲಸ ಕಿತ್ಕೊಳ್ತಾನೆ."

"ಕಿತ್ಕೊಳ್ಳಲಿ."

"ನನ್ನದೂ."

"ನೀವು ಹೆದ್ರಿದ್ರೆ ನಾನೇ ಕೂಗ್ತೀನಿ, ಕೊಡಿ ಮೈಕು."

"ಅಷ್ಟು ಇಷ್ಟಾನಾ ಆ ಹುಡುಗ?"

ಅವರ ಬಾಯಲ್ಲಿ 'ಹುಡುಗ' ಎಂಬ ಮಾತು ಕೇಳಿ ನಾನು ಪೆನ್ನನ್ನು ಅವರ ಕೈಗೆ ಮರಳಿಸಿದೆ. ಹೌದೆಂದು ತಲೆಯಾಡಿಸಿದೆ.

ಚಿಕ್ಕಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಹದಿನೇಳನೇ ನಂಬರ್... ರೆಮಿ ಬೊಲ್ಯೂ!"

ಎಲ್ಲಿಂದಲೋ ಒಂದಿಷ್ಟು ಜನ ಕೂಗಿ ಛೀಮಾರಿ ಹಾಕಿದರು. ಚಿಕ್ಕಪ್ಪನ ಹುಬ್ಬು ಗಂಟಿಕ್ಕಿತು. ಮೈಕಿಗೆ ಇನ್ನೂ ಹತ್ತಿರ ಬಾಗಿ, "ಕೇಳಿಸ್ಲಿಲ್ವೇನೋ. ರೆಮಿ ಬೊಲ್ಯೂ!" ಎಂದರು. ಈ ಸಲ ಎದ್ದ ಚಪ್ಪಾಳೆಯಲ್ಲಿ ಆ ಕೂಗು ಮುಳುಗಿಹೋಯಿತು. ರೆಮಿ ಸುರಂಗದಿಂದ ಬಾಣದಂತೆ ಹೊರಬಿದ್ದ.

ಪಂದ್ಯ ಎರಡು-ಮೂರರಿಂದ ಸೋತೆವು. ಎರಡೂ ಗೋಲು ಅವನವೇ. ನನ್ನ ಕೆಲಸವೂ ಸಂಜೆಯೊಳಗೆ ಹೋಯಿತು.

ನಾನು ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಅವನು ಬಂದ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನನ್ನಿಂದ ನಿನ್ನ ಕೆಲಸ..."

"ಸಾಣೆ ಹಿಡಿಯೋರು ಬೇಕಾಗಿರೋ ಊರು ಈ ದೇಶದಲ್ಲಿ ಬೇಕಾದಷ್ಟಿವೆ. ಮುಂದೇನು ಮಾಡ್ತೀಯ, ಹೇಳು."

"ಮಂಗಳವಾರ ಹಾರ್ಮೋನಿನ ಮೊದಲ ಇಂಜೆಕ್ಷನ್. ಆಮೇಲೆ ಗಂಡಸರ ಟೀಮಲ್ಲಿ ಆಡ್ತೀನಿ. ಚಿಕ್ಕ ಟೀಮಾದ್ರೂ ಸರಿ. ಅವರು ಕೆಡವ್ತಾರೆ, ನಾನು ಎದ್ದು ಕೆಡವ್ತೀನಿ." ಅಷ್ಟು ಹೇಳಿದವನು ಯಾಕೋ ನೆಲ ನೋಡಿದ. "ದನಿ ಬದಲಾಗುತ್ತೆ, ಹೆಲ್ಮಿ. ಗಡ್ಡ ಬರುತ್ತೆ. ಆಗ ನಿಂಗೆ ನಾನು ಬೇಡ ಅನ್ಸಿದ್ರೆ?"

ಸಾವಿರಾರು ಜನರ ಎದುರು ಬಗ್ಗದವನು ನನ್ನೊಬ್ಬಳೆದುರು ತಲೆ ತಗ್ಗಿಸಿ ನಿಂತಿದ್ದ. ನಾನು ಪೆಟ್ಟಿಗೆ ಕೆಳಗಿಟ್ಟೆ.

"ಗಡ್ಡದವನಿಗೆ ಮುತ್ತು ಕೊಟ್ರೆ ಹೇಗಿರುತ್ತೆ ಅಂತ ಗೊತ್ತಾಗ್ಬೇಕಾದ್ರೆ, ಹೋಲಿಸಿ ನೋಡೋಕೆ ಗಡ್ಡ ಇಲ್ಲದಾಗಿನ ಮುತ್ತೂ ಒಂದು ಬೇಕಲ್ವೇನೋ?"

ಅವನಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ನಾನು ಅಷ್ಟು ಹೊತ್ತು ಕಾಯಲಿಲ್ಲ.